ಬೆರಳುದ್ದದ ಪೇಟೆ

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಈ ಊರಿನ ಬಗ್ಗೆ ನನಗೆ ಖಾತ್ರಿಯಾಗಿರುವ ಒಂದು ಸಂಗತಿ ಏನಪ್ಪಾ ಅಂದ್ರೆ, ಇಲ್ಲಿಯ ಜನಕ್ಕೆ ದೊಡ್ಡದನ್ನು ಚಿಕ್ಕದು ಮಾಡಿ ನೋಡುವ ಹುಚ್ಚು ಸ್ವಲ್ಪ ಜಾಸ್ತಿ. ತುಳಶೀಬಾಗಿಗೆ ಹೋಗಿ ನೋಡಿ, ಹೆಬ್ಬೆರಳಿನಷ್ಟು ಹಂಡೆ, ಬಟಾಣಿಯಷ್ಟು ಚೊಂಬು, ಬೀಸುವ ಕಲ್ಲು, ಒಲೆ, ಎಲ್ಲಾ ಹಿತ್ತಾಳೆಯಲ್ಲಿ ಸಿಗುತ್ತವೆ. 'ಭಾತುಕಲಿ' ಅಂತಾರೆ. 1761ರಲ್ಲಿ ನಾರೋ ಅಪ್ಪಾಜಿ ಖಿರೆ ಕಟ್ಟಿಸಲು ಶುರು ಮಾಡಿದ ರಾಮಮಂದಿರದ ಸುತ್ತ ಬೆಳೆದ ಪೇಟೆ ಅದು. ಇನ್ನು ಗಣಪತಿ ಬಂದರೆ ಬೀದಿಬೀದಿಗೆ ದೇಖಾವೆ, ದೀಪಾವಳಿ ಬಂದರೆ ಸೊಸೈಟಿಯ ಮೂಲೆಯಲ್ಲಿ ಮಣ್ಣಿನ ಕೋಟೆ. ಕೋಥ್ರೂಡಿನಲ್ಲಂತೂ ರೈಲು ಸಮೇತ ಇಡೀ ಒಂದು ಊರೇ ಮೇಜಿನ ಮೇಲಿದೆ.

ಇವೆಲ್ಲದರ ಮಧ್ಯೆ ನಾನು ಎರಡು ವರ್ಷದಿಂದ ಹಿಡಿದು ಕೂತಿರುವುದು ಅಂಗಡಿಗಳನ್ನು. ಬೆರಳುದ್ದದ ಅಂಗಡಿಗಳು, ಒಂದು ಸಾಲು, ಒಟ್ಟು ಐದು. ರಟ್ಟು, ಐಸ್‌ಕ್ರೀಮ್ ಕಡ್ಡಿ, ಮದುವೆ ಕರೆಯೋಲೆ, ಮಾತ್ರೆ ಪಟ್ಟಿಯ ಅಲ್ಯುಮಿನಿಯಂ ಹಾಳೆ ಇಷ್ಟೇ ಸಾಮಾನು. ಆದರೆ ಕತ್ತರಿ ಹಿಡಿದ ಮೇಲೆ ಗೊತ್ತಾಯಿತು, ಇದು ಕೈಕೆಲಸಕ್ಕಿಂತ ಹೆಚ್ಚಾಗಿ ಇತಿಹಾಸದ ಕೆಲಸ. ಒಂದು ಅಂಗಡಿಯ ಮುಖ ಮಾಡಬೇಕಾದರೆ ಅದು ಯಾವ ಕಾಲದ ಅಂಗಡಿ ಅಂತ ಮೊದಲು ತೀರ್ಮಾನ ಆಗಬೇಕು. ಇಲ್ಲದಿದ್ದರೆ ಬಾಗಿಲನ್ನೂ ಇಡಲು ಬರುವುದಿಲ್ಲ!

ನಮ್ಮ ಮೈಸೂರು ಸೀಮೆಯವರಿಗೆ ಪುಟ್ಟ ಅಂಗಡಿ ಹೊಸದೇನಲ್ಲ. ದಸರಾ ಗೊಂಬೆ ಕೂರಿಸುವ ಮನೆಯಲ್ಲಿ ಪಟ್ಟದ ಗೊಂಬೆಗಳ ಮೆಟ್ಟಿಲ ಕೆಳಗೆ ಶೆಟ್ಟರು ಮತ್ತು ಅವರ ಹೆಂಡತಿ ಕೂತಿರಲೇಬೇಕು. ಡೊಳ್ಳು ಹೊಟ್ಟೆ, ಮುಂದೆ ಚಿಕ್ಕ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ. ಗಮನಿಸಿದ್ದೀರಾ, ಆ ಅಂಗಡಿಗೆ ಗೋಡೆಯೇ ಇಲ್ಲ. ಬಾಗಿಲಿಲ್ಲ, ಬೋರ್ಡಿಲ್ಲ, ಸೂರಿಲ್ಲ. ಸಾಮಾನು, ಮಾರುವವರು, ಮುಗಿಯಿತು. ಅಳತೆಯ ಲೆಕ್ಕವೂ ಇಲ್ಲ, ಪಕ್ಕದ ಅರಮನೆಗಿಂತ ಶೆಟ್ಟರೇ ಎತ್ತರ. ಗೊಂಬೆ ಹಬ್ಬದಲ್ಲಿ ಅಳತೆ ಅಂದರೆ ಅಡಿ-ಅಂಗುಲ ಅಲ್ಲ, ಮರ್ಯಾದೆ. ಪುಣೆಯ ಮಕ್ಕಳ ಕೋಟೆಯೂ ಹಾಗೇ ತಾನೆ? ಮೇಲೆ ಸಿಂಹಾಸನದಲ್ಲಿ ಕೂತ ಶಿವಾಜಿ ಮಹಾರಾಜರು ಎದ್ದು ನಿಂತರೆ ಮಹಾದ್ವಾರದಲ್ಲಿ ತೂರುವುದೇ ಇಲ್ಲ.

ಈ ದೀಪಾವಳಿ ಕೋಟೆಯನ್ನು ನೋಡದವರಿಗೆ ಎರಡು ಮಾತು. ಇಟ್ಟಿಗೆ, ಕಲ್ಲು ಪೇರಿಸಿ, ಮೇಲೆ ಗೋಣಿತಾಟು ಹೊದಿಸಿ, ಕೆಮ್ಮಣ್ಣು ಮೆತ್ತಿ, ಸಾಸಿವೆಯನ್ನೋ ಅಳ್ವೀ ಬೀಜವನ್ನೋ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಹಸಿರು ಚಿಗುರಿ ಸಹ್ಯಾದ್ರಿ ಸಿದ್ಧ. ಕಸಬಾ ಪೇಟೆಯ ಕುಂಬಾರವಾಡದಲ್ಲಿ ಮಾವಳೆ ಸೈನಿಕರ ಮಣ್ಣಿನ ಗೊಂಬೆಗಳು ಸಿಗುತ್ತವೆ. ಬುಡದಲ್ಲಿ ಒಂದು ಬಾವಿ, ಒಂದು ಗುಡಿ, ನಾಲ್ಕು ಗುಡಿಸಲು. ಪೇಟೆ ಮಾಡುವವರು ಕಡಿಮೆ.

ಆದರೆ ರಾಯಗಡದಲ್ಲಿ ಪೇಟೆ ಕೋಟೆಯ ಬುಡದಲ್ಲಿ ಅಲ್ಲ, ನೆತ್ತಿಯ ಮೇಲೇ ಇದೆ. 1674ರಲ್ಲಿ ಪಟ್ಟಾಭಿಷೇಕ ನಡೆದ ಬೆಟ್ಟದ ಮೇಲೆ ಅಗಲವಾದ ಬೀದಿ, ಎರಡೂ ಪಕ್ಕ 22-22ರಂತೆ ಸಾಲು ಕಟ್ಟಡಗಳ ಪಾಯ. ಕಟ್ಟೆಗಳು ಎಷ್ಟು ಎತ್ತರ ಅಂದರೆ, ಸವಾರರು ಕುದುರೆಯಿಂದ ಇಳಿಯದೇ ವ್ಯಾಪಾರ ಮಾಡುತ್ತಿದ್ದರು ಅಂತ ಗೈಡುಗಳು ಹೇಳುತ್ತಾರೆ. ಅದು ಅಂಗಡಿ ಸಾಲೇ ಅಲ್ಲ, ಅಧಿಕಾರಿಗಳ ಮನೆಗಳು ಅನ್ನುವ ಇತಿಹಾಸಕಾರರೂ ಇದ್ದಾರೆ. ಕುದುರೆಯ ಕಥೆ ಸೊಗಸಾಗಿದೆ, ಆದರೆ ನನ್ನ ಓಟು ಎರಡನೆಯವರಿಗೆ. ಒಂದೊಂದು ಪಾಯದ ಹಿಂದೆ ಕೋಣೆಯ ಮೇಲೆ ಕೋಣೆ ಇದೆ, ಬೆಟ್ಟದ ಮೇಲೆ ಅಷ್ಟೊಂದು ದಾಸ್ತಾನಿನ ವ್ಯಾಪಾರ ಏನಿತ್ತು? ಅದೇನೇ ಇರಲಿ, ಎತ್ತರದ ಕಟ್ಟೆ ಮಾತ್ರ ನಮ್ಮ ಅಂಗಡಿಗಳ ಗುರುತು. ಹಂಪಿಯ ವಿರೂಪಾಕ್ಷ ಬಜಾರು ನೋಡಿ, ಅಲ್ಲೂ ಕಲ್ಲಿನ ಜಗುಲಿ, ಕಂಬ, ಮೇಲೆ ಚಪ್ಪಡಿ. ಆ ಮಂಟಪಗಳಲ್ಲಿ ನಮ್ಮ ಕಾಲದವರೆಗೂ ಜನ ಅಂಗಡಿ ಇಟ್ಟು ಬದುಕಿದ್ದರು. 2011ರ ಜುಲೈನಲ್ಲಿ ಅವರನ್ನೆಲ್ಲ ತೆರವು ಮಾಡಿಸಿದರು. ಬಜಾರು ಉಳಿಯಿತು, ಅಂಗಡಿ ಹೋಯಿತು.

ಸರಿ, ಕೋಥ್ರೂಡಿಗೆ ಬರೋಣ. ಭಾವೂಸಾಹೇಬ್ ಜೋಶಿಯವರ ಪುಟಾಣಿ ರೈಲ್ವೆಗಳ ಮ್ಯೂಸಿಯಂ 1998ರ ಏಪ್ರಿಲ್ 1ರಂದು ತೆರೆಯಿತು. ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೆ. ದೀಪ ಆರಿಸಿ ಊರಿನ ದೀಪಗಳನ್ನು ಹೊತ್ತಿಸುತ್ತಾರೆ, ರೈಲುಗಳು ಓಡುತ್ತವೆ, ಸರ್ಕಸ್ಸು ತಿರುಗುತ್ತದೆ. ಎಲ್ಲರೂ ರೈಲು ನೋಡುತ್ತಿದ್ದರೆ ನಾನು ಅಂಗಡಿ ಬೀದಿ ನೋಡುತ್ತಿರುತ್ತೇನೆ. ಅಲ್ಲಿ ಬಳಸಿರುವುದು 'ಎಚ್‌ಒ' ಅನ್ನುವ ಅಳತೆ. ನಿಜದ 87ನೇ ಒಂದು ಭಾಗ. ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಅಳತೆ ಇದೇ. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಆ ಪ್ರಸಿದ್ಧ ಪುಟ್ಟ ಲೋಕದ್ದೂ ಇದೇ ಲೆಕ್ಕ. ಹಾಗಾಗಿ ಈ ಅಳತೆಯಲ್ಲಿ ಸಿದ್ಧ ಅಂಗಡಿಗಳು ಡಬ್ಬಿಯಲ್ಲಿ ಸಿಗುತ್ತವೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನ ಗ್ಯುಟೆನ್‌ಬಾಖ್ ಅನ್ನುವ ಹಳ್ಳಿಯಲ್ಲಿ ಫಾಲರ್ ಸೋದರರು 1946ರಲ್ಲಿ ಶುರು ಮಾಡಿದ ಕಂಪನಿಯ ಬೇಕರಿ, ಔಷಧಿ ಅಂಗಡಿ, ಹೂವಿನ ಅಂಗಡಿ, ಯಾವುದು ಬೇಕೋ ಅದು.

ಬೇಡದ್ದೂ ಅದೇ! ಯುರೋಪಿನ ಅಂಗಡಿಗೆ ಒಂದು ಮುಖ ಇದೆ. ಗಾಜಿನ ಕಿಟಕಿ, ಪಕ್ಕಕ್ಕೆ ಬಾಗಿಲು, ಮೇಲೆ ಹೆಸರು. ಒಳಗೆ ಏನೂ ಇಲ್ಲದಿದ್ದರೂ ನಡೆಯುತ್ತದೆ, ಗಾಜಿನ ಹಿಂದೆ ಒಂದು ಚಿತ್ರ ಅಂಟಿಸಿದರೆ ಸಾಕು. ನಮ್ಮ ಹಳೆಯ ಅಂಗಡಿಗೆ ಮುಖವೇ ಇಲ್ಲ, ಬರೀ ಬಾಯಿ. ಬೆಳಿಗ್ಗೆ ತೆರೆದರೆ ಇಡೀ ಅಂಗಡಿ ಬೀದಿಗೆ ಕಾಣಬೇಕು: ಗಾದಿ, ತಕ್ಕಡಿ, ಗಲ್ಲಾ, ಮೂಟೆಗಳು, ಗೋಡೆಯ ಮೇಲೆ ಲಕ್ಷ್ಮಿ. ಅಂದರೆ ಒಳಗಿನ ಅಷ್ಟನ್ನೂ ಮಾಡಲೇಬೇಕು. ಆಗಲೇ ನನಗೆ ಹೊಳೆದದ್ದು, ಗೋಡೆ ಸೂರು ಇಲ್ಲದೆ ಕೂತ ನಮ್ಮ ಶೆಟ್ಟರು ಎಷ್ಟು ಸರಿ ಅಂತ. ಪುಣೆಯ ಮಂಡಈಗೆ ಹೋದರೂ ಅದೇ ಕಾಣುತ್ತದೆ, ಎತ್ತರದ ಕಟ್ಟೆ, ತರಕಾರಿ ರಾಶಿ, ನಡುವೆ ದೇವರಂತೆ ಕೂತ ವ್ಯಾಪಾರಿ. (1886ರಲ್ಲಿ ತೆರೆದಾಗ ಇದರ ಹೆಸರು ರೇ ಮಾರ್ಕೆಟ್. ಇಂಥ ಕಟ್ಟಡಕ್ಕೆ ಲಕ್ಷಗಟ್ಟಲೆ ಸುರಿಯುವ ಬದಲು ಶಾಲೆಗೆ ಖರ್ಚು ಮಾಡಿ ಅಂತ ಪುರಸಭೆಯಲ್ಲಿ ವಿರೋಧಿಸಿದವರು ಜ್ಯೋತಿಬಾ ಫುಲೆ. ಕಡೆಗೆ ಮಾರ್ಕೆಟ್ಟಿಗೆ ಇಟ್ಟದ್ದು ಅವರದೇ ಹೆಸರು!)

ಹಾಗಾದರೆ ಅಂಗಡಿಯ ಕಾಲವನ್ನು ಹೇಳುವುದು ಯಾವುದು? ಮೊದಲನೆಯದು ಬಾಗಿಲು. ಹಳೆಯ ಪೇಟೆಗಳ ಅಂಗಡಿಗೆ ಹಲಗೆ ಬಾಗಿಲು. ಹೊಸ್ತಿಲಲ್ಲಿ, ಮೇಲಿನ ತೊಲೆಯಲ್ಲಿ ಗಾಡಿ ಕೊರೆದು ಒಂದೊಂದೇ ಹಲಗೆ ಸೇರಿಸುತ್ತಾ ಹೋಗುವುದು. ಕ್ರಮ ತಪ್ಪಬಾರದು ಅಂತ ಹಲಗೆಗಳ ಮೇಲೆ ನಂಬರ್. ನಮ್ಮ ಕಡೆಯೂ ಇದೇ ಇತ್ತು, ನೆನಪಿದೆಯಲ್ಲ? ಒಂಬತ್ತು ಅಂಗುಲದ ಹಲಗೆ ನನ್ನ ಅಳತೆಯಲ್ಲಿ ಎರಡೂವರೆ ಮಿಲಿಮೀಟರ್ ಚಿಲ್ಲರೆ. ಹತ್ತಡಿ ಅಗಲದ ಅಂಗಡಿ ಅಂದರೆ 35 ಮಿಲಿಮೀಟರ್, ಅದಕ್ಕೆ ಹದಿಮೂರು ಹಲಗೆ. ಆಮೇಲೆ ಬಂದದ್ದು ತಗಡಿನ ಶಟರ್. ಅದರ ಒಂದೊಂದು ಪಟ್ಟಿ ಮೂರು ಅಂಗುಲ, ಇಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಸಣ್ಣ ಹಲ್ಲಿನ ಬಾಚಣಿಗೆಯ ಮೇಲೆ ಅಲ್ಯುಮಿನಿಯಂ ಹಾಳೆ ಇಟ್ಟು ಉಗುರಿನಿಂದ ಉಜ್ಜಿದರೆ ಪಕ್ಕಾ ಶಟರ್. ಎಳೆದಿಟ್ಟ ಶಟರಿನ ಹಿಂದೆ ಏನೂ ಮಾಡಬೇಕಾಗಿಲ್ಲ ಅನ್ನುವುದು ಇನ್ನೊಂದು ಲಾಭ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗುವುದಕ್ಕೆ ಹೆಸರಾದ ಊರಿದು, ಯಾರೂ ಸೋಮಾರಿತನ ಅನ್ನುವ ಹಾಗಿಲ್ಲ :)

ಎರಡನೆಯದು ಹೆಂಚು. ಮಂಗಳೂರು ಹೆಂಚನ್ನು ಮರಾಠಿಯವರು 'ಮಂಗಳೂರಿ ಕೌಲ' ಅಂತಲೇ ಕರೆಯುತ್ತಾರೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹಾಗಾಗಿ ಪೇಶ್ವೆ ಕಾಲದ ಅಂಗಡಿ ಅಂತ ಹೇಳಿ ಅದರ ಮೇಲೆ ಚಪ್ಪಟೆ ಮಂಗಳೂರು ಹೆಂಚು ಹಾಕಿದರೆ ಅದು ಸುಳ್ಳು. ನಾಡ ಹೆಂಚೇ ಆಗಬೇಕು. ಗಣಪತಿ ದೇಖಾವೆಗಳಲ್ಲಿ ಈ ಸುಳ್ಳು ನೋಡಿದಾಗಲೆಲ್ಲ ನನಗೆ ಒಂಥರಾ ಹೆಮ್ಮೆ. ಎಷ್ಟಾದರೂ ನಮ್ಮ ಕಡೆಯ ಹೆಂಚಲ್ಲವೇ, ಪೇಶ್ವೆಗಳನ್ನೂ ಬಿಡಲಿಲ್ಲ!

ಮೂರನೆಯದು ಬೋರ್ಡು. ಒಂದಡಿ ಅಕ್ಷರ ಮೂರೂವರೆ ಮಿಲಿಮೀಟರ್ ಆಗುತ್ತದೆ. ದೇವನಾಗರಿಗೆ ಇದು ಸಲೀಸು, ಮೇಲೊಂದು ಗೆರೆ ಎಳೆದರೆ ಅರ್ಧ ಕೆಲಸ ಆಯಿತು. ಕನ್ನಡಕ್ಕೆ ಒತ್ತಕ್ಷರ ಬಂದಾಗ ಸೂಜಿ ಮೊನೆಯೇ ಗತಿ. ಇಷ್ಟು ಕಷ್ಟಪಟ್ಟು ಕನ್ನಡ ಯಾಕೆ ಅಂತ ಕೇಳಬಹುದು. ಪುಣೆಯ ಉಡುಪಿ ಹೋಟೆಲುಗಳನ್ನು ನೋಡಿ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಇಡೀ ಪುಣೆ ತನ್ನ ಮನೆಯವರೇ ಹೋದ ಹಾಗೆ ಮರುಗಿತು. ಆದರೆ ಇಂಥ ಹೋಟೆಲುಗಳ ಮುಂಭಾಗದಲ್ಲಿ ಕನ್ನಡದ ಒಂದಕ್ಷರ ಕಾಣುವುದು ಅಪರೂಪ. ಕನ್ನಡ ಇರುವುದು ಗಲ್ಲಾದ ಹಿಂದೆ, ಅಡಿಗೆಮನೆಯ ಒಳಗೆ. ನನ್ನ ಸಾಲಿನ ಮೂರನೆಯ ಅಂಗಡಿ ಉಡುಪಿ ಹೋಟೆಲು. ಅದಕ್ಕೆ ಹೊರಗಿನ ಬೋರ್ಡು ಮರಾಠಿಯಲ್ಲೇ ಬರೆದೆ. ಒಳಗೆ ಗೋಡೆಗೆ ಒಂದು ಕನ್ನಡ ಕ್ಯಾಲೆಂಡರ್ ತೂಗುಹಾಕಿದೆ, ಭತ್ತದ ಕಾಳಿನಷ್ಟು. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ತಾರೀಖು ಹೇಳುತ್ತೇನೆ. 1961ರ ಜುಲೈ 12. ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕ್‌ವಾಸ್ಲಾವೂ ಒಡೆದು, ಮುಠಾ ನದಿ ಊರಿಗೆ ನುಗ್ಗಿತು. ಶನಿವಾರ, ನಾರಾಯಣ, ಕಸಬಾ ಪೇಟೆಗಳ ನದಿ ಪಕ್ಕದ ಬೀದಿಗಳು ಕೊಚ್ಚಿಹೋದವು. ಮಣ್ಣಿನ ಗೋಡೆ, ಮರದ ತೊಲೆ ಇದ್ದ ವಾಡೆಗಳು ನೀರಲ್ಲಿ ನೆಂದು ಕುಸಿದವು. ಆ ವಾಡೆಗಳ ಕೆಳ ಅಂತಸ್ತು ಅಂದರೆ ಅಂಗಡಿಗಳೇ. ಅರಮನೆ, ಗುಡಿಗಳ ಅಳತೆ ತೆಗೆದು ನಕ್ಷೆ ಬರೆದಿಡುವವರು ಇದ್ದರು. ಎಣ್ಣೆ ಅಂಗಡಿಯ ಕಟ್ಟೆ ಎಷ್ಟು ಎತ್ತರ, ದಾರದ ಅಂಗಡಿಗೆ ಎಷ್ಟು ಹಲಗೆ ಅಂತ ಯಾರು ಬರೆದಿಡುತ್ತಾರೆ ಹೇಳಿ. ಉಳಿದವುಗಳದ್ದೂ ಅದೇ ಕಥೆ, ನೀರಿನ ಬದಲು ಬಿಲ್ಡರು ಅಷ್ಟೆ. 2024ರ ಸೆಪ್ಟೆಂಬರಿನಿಂದ ಮೆಟ್ರೋ ನೆಲದಡಿಯಲ್ಲಿ ಮಂಡಈವರೆಗೂ ಬರುತ್ತದೆ. ಅನುಕೂಲ ನನಗೂ ಇಷ್ಟವೇ. ಆದರೆ ಮೇಲೆ ಬಂದಾಗಲೆಲ್ಲ ಅಕ್ಕಪಕ್ಕದಲ್ಲಿ ಒಂದು ಮರದ ಮುಂಭಾಗ ಕಡಿಮೆಯಾಗಿರುತ್ತದೆ. ಅದಕ್ಕೇ ಈಗ ಸಂಜೆ ನಡೆಯಲು ಹೋಗುವಾಗ ಜೇಬಿನಲ್ಲಿ ಅಳತೆ ಟೇಪು ಇರುತ್ತದೆ. ಅಂಗಡಿಯವರು ಮೊದಲು ಕಾರ್ಪೊರೇಶನ್ನಿನವನು ಅಂತ ಗುರಾಯಿಸುತ್ತಾರೆ, ವಿಷಯ ಹೇಳಿದರೆ ಟೇಪಿನ ಇನ್ನೊಂದು ತುದಿ ತಾವೇ ಹಿಡಿಯುತ್ತಾರೆ.

ನಾಲ್ಕು ಅಂಗಡಿ ಮುಗಿದವು. ಐದನೆಯದು ಪುಣೆಯದ್ದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಪುಸ್ತಕದಂಗಡಿ. ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ಹಳೆ ಪುಸ್ತಕ, ಹೊಸ ಪುಸ್ತಕ, ಗೈಡು, ನಮ್ಮ ಓದೆಲ್ಲ ಸಿಕ್ಕಿದ್ದು ಆ ಸಾಲಿನಲ್ಲಿ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು, ಅಂಗಡಿಗಳು ಖಾಲಿಯಾದವು. ಈಗ ಟೇಪು ಹಿಡಿದು ಹೋಗುವ ಹಾಗಿಲ್ಲ, ಫೋಟೋದಿಂದಲೇ ಲೆಕ್ಕ ಹಾಕಬೇಕು. ಚಿತ್ರದಲ್ಲಿ ಬಾಗಿಲ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ ಸಾಕು, ಐದೂವರೆ ಅಡಿ ಅಂತ ಹಿಡಿದು, ಹತ್ತೊಂಬತ್ತು ಮಿಲಿಮೀಟರಿಗೆ ಇಳಿಸಿ, ಮಿಕ್ಕದ್ದನ್ನೆಲ್ಲ ಅಳೆಯಬಹುದು. ನನ್ನ ಹತ್ತಿರ ಇರುವ ಫೋಟೋಗಳೆಲ್ಲ ದೂರದಿಂದ ತೆಗೆದವು, ಇಡೀ ಕಟ್ಟಡ ಚೆನ್ನಾಗಿ ಕಾಣುತ್ತದೆ, ಅಂಗಡಿಯ ಬಾಯಿ ಮಾತ್ರ ಕತ್ತಲು. ನಿಮ್ಮ ಆಲ್ಬಮ್ಮಿನಲ್ಲಿ ಯಾರಾದರೂ ಪುಸ್ತಕದ ಅಂಗಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಇದೆಯಾ, ನೋಡಿ. ಬಾಗಿಲಿಗೆ ಎಷ್ಟು ರೆಕ್ಕೆ ಇದ್ದವು, ಒಳಗಿನ ಶೆಲ್ಫು ಯಾವ ಬಣ್ಣ, ಇಷ್ಟು ಗೊತ್ತಾದರೆ ರಟ್ಟು ಕತ್ತರಿಸಲು ಕೂರುತ್ತೇನೆ.