ದಪ್ಪ ಫೈಲು, ಸಣ್ಣ ಚೀಟಿ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಮರುತಪಾಸಣೆಗೆ ಸಿದ್ಧತೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮರುತಪಾಸಣೆಗೆ ಹೊರಟ ಮಹಿಳೆಯ ಫೈಲಿನಲ್ಲಿ ಬಯಾಪ್ಸಿ ವರದಿ, ಕೀಮೋ ದಾಖಲೆ, ಸ್ಕ್ಯಾನ್ ಫಿಲ್ಮು ಎಲ್ಲವೂ ಇರುತ್ತವೆ. ಕಳೆದ ಭೇಟಿಯ ನಂತರ ಅವಳ ಮೈಯಲ್ಲಿ ಏನೇನಾಯಿತು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಸಿದ್ಧತೆಯೆಂದರೆ ದಾಖಲೆ ಜೋಡಿಸುವುದು ಎಂಬ ಈ ರೂಢಿ ಪುನರ್ವಿಮರ್ಶೆಗೆ ಅರ್ಹ.

ಇಟಲಿಯ 20 ಆಸ್ಪತ್ರೆಗಳಲ್ಲಿ 1,320 ಮಹಿಳೆಯರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಜಿವಿಯೊ ಅಧ್ಯಯನ ಇಲ್ಲಿ ಮುಖ್ಯ. ಒಂದು ಗುಂಪಿಗೆ ಎಲುಬಿನ ಸ್ಕ್ಯಾನ್, ಯಕೃತ್ತಿನ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು ತಪ್ಪದೆ ಮಾಡಿದರು. ಇನ್ನೊಂದಕ್ಕೆ ವೈದ್ಯರ ತಪಾಸಣೆ, ಮ್ಯಾಮೊಗ್ರಾಂ, ಮತ್ತು ಲಕ್ಷಣ ಕಂಡರಷ್ಟೇ ಉಳಿದ ಪರೀಕ್ಷೆಗಳು. ಸುಮಾರು ಆರು ವರ್ಷಗಳ ನಂತರ ನೋಡಿದಾಗ ಬದುಕುಳಿದವರ ಪ್ರಮಾಣದಲ್ಲಾಗಲಿ ಜೀವನದ ಗುಣಮಟ್ಟದಲ್ಲಾಗಲಿ ಗಣನೀಯ ಅಂತರವಿರಲಿಲ್ಲ. ಅಮೆರಿಕದ ಮಾರ್ಗಸೂಚಿಯೂ ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಮಾಡಿಸಿಕೊಳ್ಳಲು ಹೇಳುತ್ತದೆ. ಲಕ್ಷಣವಿಲ್ಲದವರಿಗೆ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್ ಪರೀಕ್ಷೆ ಬೇಡವೆನ್ನುತ್ತದೆ. ಸ್ಕ್ಯಾನ್ ಬರೆಯದ ಡಾಕ್ಟರು ಸರಿಯಾಗಿ ನೋಡಲೇ ಇಲ್ಲ ಎನ್ನುವ ನಮ್ಮ ಮನೆಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಆದರೆ ಪರೀಕ್ಷೆ ಬೇಕೇ ಬೇಡವೇ ಎಂಬುದನ್ನು ಲಕ್ಷಣವೇ ನಿರ್ಧರಿಸುವಾಗ ರೋಗಿಯ ಮಾತಿನ ತೂಕ ಹೆಚ್ಚುತ್ತದೆ.

ಹಾಗಾದರೆ ಆ ಮಾತನ್ನು ಮರೆಯದಂತೆ ಬರೆದೊಯ್ಯುವ ಸಣ್ಣ ಚೀಟಿಯಲ್ಲಿ ಏನಿರಬೇಕು? ಹಾರ್ಮೋನ್ ಚಿಕಿತ್ಸೆಯ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುವವರಿಗೆ ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಅದನ್ನು ಮೊದಲು ಬರೆಯಬೇಕು, ಏಕೆಂದರೆ ಆ ಮಾತ್ರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತದೆ. ಹಾರ್ಮೋನ್ ಮಾತ್ರೆ ಲೆಟ್ರೊಜೋಲ್ ಆದರೆ ಬೆಳಗಿನ ಕೀಲುಬಿಗಿತ, ಎಲುಬಿನ ನೋವು. ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಕೈಯ ಬಳೆ ಅಥವಾ ರವಿಕೆಯ ತೋಳು ಬಿಗಿಯಾಗತೊಡಗಿದ್ದು ಯಾವಾಗಿನಿಂದ ಎಂಬುದೇ ಬಾವಿನ ಮೊದಲ ಸುಳಿವಾಗಬಹುದು. ನುಂಗದೆ ಬಿಟ್ಟ ಮಾತ್ರೆಗಳ ಲೆಕ್ಕವೂ ಬೇಕು. ಬೈಗುಳಕ್ಕೆ ಹೆದರಿ ಬಚ್ಚಿಡುವ ಸಂಗತಿ ಇದು. ಕಾರಣ ಮೈಬಿಸಿಯೇರಿ ಬೆವರುವುದೋ ಕೀಲುನೋವೋ ಆಗಿದ್ದರೆ ಅದಕ್ಕೆ ಉಪಾಯಗಳಿವೆ.

ಚೀಟಿ ಬರೆದ ಮಾತ್ರಕ್ಕೆ ಕೆಲಸವಾಗದು. ಸಿಡ್ನಿಯ ಸಂಶೋಧಕರಾದ ರಿಚರ್ಡ್ ಬ್ರೌನ್, ಫಿಲಿಸ್ ಬ್ಯೂಟೊ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಕೈಯ ಪ್ರಶ್ನಾಪಟ್ಟಿಯನ್ನು ವೈದ್ಯರೇ ಮುಂದಾಗಿ ಎತ್ತಿಕೊಂಡಾಗ ಆತಂಕ ತಗ್ಗಿತು, ಭೇಟಿಯ ಅವಧಿಯೂ ಕಡಿಮೆಯಾಯಿತು. ಆ ಅಧ್ಯಯನದಲ್ಲಿದ್ದವರು ವೈದ್ಯರನ್ನು ಮೊದಲ ಸಲ ಕಾಣುತ್ತಿದ್ದ ರೋಗಿಗಳೆಂಬುದು ನಿಜ. ಆದರೂ ಹೊಣೆ ರೋಗಿಯೊಬ್ಬಳದೇ ಅಲ್ಲವೆಂಬ ಸೂಚನೆ ಮರುತಪಾಸಣೆಗೂ ಸಲ್ಲುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕುಂಟು. ಊರಿಂದ ಬೆಂಗಳೂರಿಗೆ ತಾಯಿಯ ಜೊತೆ ಬರುವವನು ಹೆಚ್ಚಾಗಿ ಮಗ; ಕೇಳಿದ್ದಕ್ಕೆಲ್ಲ ಅವನೇ ಉತ್ತರಿಸುತ್ತಾನೆ. ಅವನೆದುರು ರಕ್ತಸ್ರಾವದ ಮಾತನ್ನು ಯಾವ ತಾಯಿ ಎತ್ತಿಯಾಳು? ಅಕ್ಷರ ಬಾರದವಳಾದರೆ ಚೀಟಿ ಬರೆಯುವವನೂ ಅವನೇ. ಹಾಗಾಗಿ ಚೀಟಿಯನ್ನು ಮಗಳೋ ಸೊಸೆಯೋ ನರ್ಸೋ ಬರೆದುಕೊಡುವುದು, ಮೈಮುಟ್ಟಿ ನೋಡುವಾಗ ಮಗನನ್ನು ಹೊರಗೆ ಕಳಿಸಿದ ಆ ಕೆಲವು ನಿಮಿಷಗಳಲ್ಲೇ ವೈದ್ಯರು ರಕ್ತಸ್ರಾವದಂಥ ಸಂಗತಿಗಳನ್ನು ಕೇಳುವುದು ಹೊಸ ಖರ್ಚಿಲ್ಲದೆ ಆಗುವ ಕೆಲಸ.