ಜೀತ, ಕೂಲಿ, ಲೇಬರ್: ಮುಂಗಡದ ಮೂರು ಹೆಸರು

ಗುಂಡ್ಲುಪೇಟೆಯ ಹೊಲಗಳಲ್ಲಿ, ಚಾಮರಾಜನಗರದ ಕರಿಕಲ್ಲು ಕ್ವಾರಿಗಳಲ್ಲಿ ‘ಲೇಬರ್’ ಈಗ ದಿನಬಳಕೆಯ ಮಾತು. ಅರಿಸಿನ ಕೀಳಲು ‘ಲೇಬರ್ ಸಿಗ್ತಿಲ್ಲ’ ಎಂದರೆ ಜನ ಸಿಗುತ್ತಿಲ್ಲ. ‘ಲೇಬರೇ ಜಾಸ್ತಿ ಆಯ್ತು’ ಎಂದರೆ ಖರ್ಚು ಏರಿತು. ‘ಲೇಬರ್ ಆಫೀಸು’ ಕಾರ್ಮಿಕ ಇಲಾಖೆ. ‘ಲೇಬರ್ ಕಾರ್ಡು’ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡುವ ಗುರುತಿನ ಚೀಟಿ. ದುಡಿಯುವವರು, ದುಡಿಮೆಯ ಬೆಲೆ, ದುಡಿದವರ ಹಕ್ಕು ಎಲ್ಲವೂ ಒಂದೇ ಪದದಲ್ಲಿ ಕಲೆತುಹೋಗಿವೆ. ಈ ಸೀಮೆಗೆ ಇಂಥ ಬೆರಕೆ ಹೊಸದಲ್ಲ. ಜೀತ, ಕೂಲಿ ಎಂಬ ಹಳೆಯ ಪದಗಳೂ ಇದೇ ಹಾದಿ ಹಿಡಿದಿದ್ದವು. ಆ ಹಾದಿಗೆ ಅವುಗಳನ್ನು ಎಳೆದದ್ದು ಮುಂಗಡ ಹಣ.

ಹಳಗನ್ನಡದಲ್ಲಿ ಜೀತವೆಂದರೆ ಸಂಬಳ, ಬದುಕಿಗೆ ಆಧಾರವಾದ ಗಳಿಕೆ. ಅರಸನಿಂದ ಅದನ್ನು ಪಡೆಯುವುದು ಯೋಧನಿಗೆ ಗೌರವ. ಮುಂದೆ ಸಾಲ ತೆಗೆದುಕೊಂಡವನು ಒಡೆಯನ ಮನೆಯಲ್ಲಿ ದುಡಿದು ತೀರಿಸಬೇಕಾದಾಗ, ದುಡಿಮೆಯೆಲ್ಲ ಬಡ್ಡಿಗೇ ಸರಿಹೋಗಿ ಸಂಬಳದ ಹೆಸರು ಬಂಧನದ ಹೆಸರಾಯಿತು. ಕೂಲಿಯೂ ಕನ್ನಡ, ತಮಿಳುಗಳಲ್ಲಿ ಮೂಲತಃ ದುಡಿದವನಿಗೆ ಸಲ್ಲುವ ಹಣ. ಹತ್ತೊಂಬತ್ತನೇ ಶತಮಾನದಲ್ಲಿ ವಯನಾಡು, ನೀಲಗಿರಿ, ಕೊಡಗುಗಳಲ್ಲಿ ಕಾಫಿ ತೋಟಗಳು ಎದ್ದು, ಮೈಸೂರು ಸೀಮೆಯ ಬಡವರು ಘಟ್ಟ ಹತ್ತಿದಾಗ, ತೋಟದ ದೊರೆಗಳ ಇಂಗ್ಲಿಷಿನಲ್ಲಿ ಕೂಲಿ ಮನುಷ್ಯನ ಹೆಸರಾಗಿತ್ತು. ಮೇಸ್ತ್ರಿ ಕೊಟ್ಟ ಮುಂಗಡ ಅವನನ್ನು ತೋಟಕ್ಕೆ ಕಟ್ಟಿಹಾಕುತ್ತಿತ್ತು. ಬ್ರಿಟಿಷ್ ಭಾರತದ 1859ರ ಕರಾರು ಉಲ್ಲಂಘನೆ ಕಾಯ್ದೆಯಂತೆ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಬಹುದಿತ್ತು. ಕರಾರು ಮುರಿದ ಧಣಿಗೆ ಅಂಥ ಶಿಕ್ಷೆ ಇರಲಿಲ್ಲ. ಗುಂಡ್ಲುಪೇಟೆ ಮೈಸೂರು ಅರಸರ ನಾಡಾದರೂ, ಅದರ ಗಡಿ ದಾಟಿದರೆ ಸಿಗುತ್ತಿದ್ದ ವಯನಾಡು, ನೀಲಗಿರಿಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ, ಘಟ್ಟ ಹತ್ತಿದವರು ಈ ಕಾಯ್ದೆಯ ಕೈಗೆ ಸಿಗುತ್ತಿದ್ದರು.

ಹೆಸರು ಏನಾದರೇನು, ದಿನದ ದುಡ್ಡು ಏರಿದರೆ ಸಾಲದೇ ಎಂದು ಕೇಳಬಹುದು. ಲೇಬರ್ ಎಂಬುದು ಜಾತಿಯ ಕಳಂಕವಿಲ್ಲದ ಪದ, ‘ಆಳು’ ಎನ್ನಿಸಿಕೊಳ್ಳುವುದಕ್ಕಿಂತ ಮೇಲು ಎಂಬ ಮಾತಿನಲ್ಲೂ ನಿಜವಿದೆ. ಒಡೆಯನ ಕೊಟ್ಟಿಗೆಯಿಂದ ಹೊರಬಂದ ದಲಿತರಿಗೂ ಕಾಡಿನಿಂದ ಎಬ್ಬಿಸಲ್ಪಟ್ಟ ಸೋಲಿಗರಿಗೂ ಈ ಬಿಡುಗಡೆ ಸಣ್ಣದಲ್ಲ. ಆದರೆ ಇದೇ ಪದದ ಮರೆಯಲ್ಲಿ ಮಾಲೀಕನೂ ಅಡಗುತ್ತಾನೆ. ‘ಅವರು ಕಂಟ್ರಾಕ್ಟರ್ ಲೇಬರ್’ ಎಂದೊಡನೆ ಗಾಯಕ್ಕೆ, ಬಾಕಿ ಕೂಲಿಗೆ ಹೊಣೆ ಯಾರೆಂಬುದು ಮಸುಕಾಗುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಲ್ಲಿಂದ ಜೀತವೆಂಬ ಹೆಸರನ್ನು ಒಪ್ಪಿಕೊಳ್ಳುವ ಧಣಿ ಇಲ್ಲ, ‘ಅಡ್ವಾನ್ಸ್’ ಮಾತ್ರ ಉಳಿದಿದೆ.

ಆದ್ದರಿಂದ ಹೆಸರು ನೋಡಿ ತೀರ್ಮಾನಿಸುವುದು ಸಲ್ಲದು. ಸುಪ್ರೀಂ ಕೋರ್ಟು 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಬಲವಂತದ ದುಡಿಮೆಯೇ ಎಂದಿತು. 1983ರಲ್ಲಿ ಹರಿಯಾಣದ ಕಲ್ಲು ಕ್ವಾರಿಗಳ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡಲ್ಲಿ ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಧಣಿಯದು ಎಂದಿತು. ಚಾಮರಾಜನಗರದ ಕ್ವಾರಿಗೂ ಗುಂಡ್ಲುಪೇಟೆಯ ಹೊಲಕ್ಕೂ ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಮುಂಗಡ ಎಷ್ಟು, ಲೆಕ್ಕ ಯಾರ ಕೈಯಲ್ಲಿದೆ, ಬೇಡವೆಂದ ದಿನ ಕೆಲಸ ಬಿಟ್ಟು ಹೋಗಬಹುದೇ? ಹೋಗಲಾಗದಿದ್ದರೆ, ಯಾವ ಹೆಸರಿಟ್ಟರೂ ಅದು ಜೀತವೇ.