ಎರಡು ಹಾಳೆ, ಒಂದು ಪಂಪು

ಪೆಟ್ರೋಲಿಯಂ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಎರಡೇ ಚಿತ್ರ. ಒಂದು, ಸಮುದ್ರದ ನಡುವೆ ನಿಂತು ನೆಲ ಕೊರೆಯುವ ರಿಗ್ಗು. ಇನ್ನೊಂದು, ಬಂಕಿನಲ್ಲಿ ಸ್ಕೂಟರಿಗೆ ಹಾಕಿಸುವ ಇನ್ನೂರು ರೂಪಾಯಿ ಪೆಟ್ರೋಲು. ಈ ಎರಡರ ಮಧ್ಯೆ ಕೆಲಸ ಮಾಡುವ ಜನರ ಬಗ್ಗೆ ನಾವು ಕೇಳಿರೋದು ಕಡಿಮೆ. ಅವರಲ್ಲೊಬ್ಬ ಫೆಸಿಲಿಟೀಸ್ ಎಂಜಿನಿಯರ್. ಬಿ.ಇ. ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದ ಮೆಕ್ಯಾನಿಕಲ್ ಹುಡುಗನೊಬ್ಬ ಈಗ ಆ ಕೆಲಸದಲ್ಲಿದ್ದಾನೆ. ಅವನ ಕಾಯಂ ಗೋಳು ಒಂದೇ: "ಒಂದು ವಾಲ್ವ್ ಬಿಚ್ಚೋಕೆ ಅರ್ಧ ಗಂಟೆ ಸಾಕು ಮಾರಾಯ, ಅದರ ಕಾಗದಪತ್ರಕ್ಕೆ ಅರ್ಧ ದಿನ."

ಅಷ್ಟೊಂದು ಕಾಗದ ಯಾಕೆ ಅಂತ ಹುಡುಕಿಕೊಂಡು ಹೋದರೆ, ದಾರಿ 1988ರ ಒಂದು ರಾತ್ರಿಗೆ ಹೋಗಿ ಮುಟ್ಟುತ್ತದೆ.

ಮೊದಲು ಕೆಲಸ ಏನು ಅಂತ ನೋಡೋಣ. ಬಾವಿಯಿಂದ ಮೇಲೆ ಬರೋದು ಶುದ್ಧ ಎಣ್ಣೆ ಅಲ್ಲ. ಎಣ್ಣೆ, ಗ್ಯಾಸು, ಉಪ್ಪುನೀರು, ಮರಳು, ಎಲ್ಲ ಕಲಸುಮೇಲೋಗರ. ಇದನ್ನು ಸೆಪರೇಟರ್ ಎಂಬ ದೊಡ್ಡ ಉಕ್ಕಿನ ಪಾತ್ರೆಗೆ ಬಿಟ್ಟರೆ ಗ್ಯಾಸು ಮೇಲಕ್ಕೆ, ಎಣ್ಣೆ ನಡುವೆ, ನೀರು ತಳಕ್ಕೆ ಸರಿಯುತ್ತದೆ. ಗ್ಯಾಸಿನ ತೇವ ತೆಗೆಯಬೇಕು, ಅದರಲ್ಲಿ ಅಡಗಿರುವ ಕಂಡೆನ್ಸೇಟ್ ಎಂಬ ಹಗುರ ದ್ರವವನ್ನು ಬೇರೆ ಮಾಡಬೇಕು, ಆಮೇಲೆ ಒತ್ತಿ ಪೈಪಿಗೆ ತಳ್ಳಬೇಕು. ಎಲ್ಲವೂ ಭಾರಿ ಒತ್ತಡದಲ್ಲಿ ನಡೆಯುವ ಕೆಲಸ. ಹಾಗಾಗಿ ಕುಕ್ಕರಿನ ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಇರುವ ಹಾಗೆ ಇಲ್ಲಿಯೂ ಆಯಕಟ್ಟಿನ ಜಾಗಗಳಲ್ಲೆಲ್ಲ ರಿಲೀಫ್ ವಾಲ್ವ್ ಇರುತ್ತದೆ. ಈ ಇಡೀ ಸಂಸಾರವನ್ನು ವಿನ್ಯಾಸ ಮಾಡುವುದು, ನಡೆಸುವುದು, ಹಳೆಯದಾದಾಗ ಬದಲಿಸುವುದು ಫೆಸಿಲಿಟೀಸ್ ಎಂಜಿನಿಯರನ ವೃತ್ತಿ.

ಪೈಪರ್ ಆಲ್ಫಾ ಇಂಥದ್ದೇ ಒಂದು ಸಂಸಾರ. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಿಂದ ಸುಮಾರು 190 ಕಿಲೋಮೀಟರ್ ದೂರ, ನಾರ್ತ್ ಸೀಯಲ್ಲಿ ನಿಂತಿದ್ದ ಪ್ಲಾಟ್‌ಫಾರ್ಮ್. ನಡೆಸುತ್ತಿದ್ದದ್ದು ಆಕ್ಸಿಡೆಂಟಲ್ ಕಂಪನಿ. 1976ರಲ್ಲಿ ಉತ್ಪಾದನೆ ಶುರುವಾದಾಗ ಅದು ಎಣ್ಣೆಗಾಗಿ ಕಟ್ಟಿದ ಜಾಗ. ಅಪಾಯದ ಭಾಗಗಳು ಒಂದು ತುದಿಗೆ, ಜನ ಇರುವ ಭಾಗ ಇನ್ನೊಂದು ತುದಿಗೆ, ಹಾಗಿತ್ತು ಲೆಕ್ಕಾಚಾರ. ಮುಂದೆ ಗ್ಯಾಸನ್ನು ಸುಮ್ಮನೆ ಸುಡಬಾರದು, ಉಳಿಸಬೇಕು ಎಂಬ ಸರ್ಕಾರಿ ನೀತಿ ಬಂತು. ಗ್ಯಾಸ್ ಸಂಸ್ಕರಣೆಯ ಯಂತ್ರಗಳನ್ನು ಅದೇ ಜಾಗದಲ್ಲಿ ತುರುಕಿದರು. ಗ್ಯಾಸ್ ಕಂಪ್ರೆಷನ್ ವಿಭಾಗ ಕಂಟ್ರೋಲ್ ರೂಮಿನ ಪಕ್ಕಕ್ಕೇ ಬಂತು. ನಡುವಿನ ಗೋಡೆ ಬೆಂಕಿ ತಡೆಯಲು ಕಟ್ಟಿದ್ದು, ಸ್ಫೋಟ ತಡೆಯಲು ಅಲ್ಲ. ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲಿ ಹಳೆ ಕೋಡಿನ ಮೇಲೆ ಹೊಸ ಫೀಚರ್ ಹೇರುತ್ತಾರಲ್ಲ, ಅದೇ ಕಥೆ. ಆದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ.

1988ರ ಜುಲೈ 6. ಕಂಡೆನ್ಸೇಟ್ ತಳ್ಳುವ ಪಂಪುಗಳು ಎರಡು, ಎ ಮತ್ತು ಬಿ. ಎ ಪಂಪನ್ನು ದೊಡ್ಡ ರಿಪೇರಿಗೆಂದು ನಿಲ್ಲಿಸಿದ್ದರು, ಅದಕ್ಕೊಂದು ಪರ್ಮಿಟ್ ಹಾಳೆ. ಆ ರಿಪೇರಿ ಇನ್ನೂ ಶುರುವೇ ಆಗಿರಲಿಲ್ಲ. ಪಂಪು ಹೇಗೂ ನಿಂತಿದೆ ಅಂತ ಅದರ ರಿಲೀಫ್ ವಾಲ್ವನ್ನು ಪರೀಕ್ಷೆಗೆ ಬಿಚ್ಚಿದರು, ಅದಕ್ಕೆ ಬೇರೆ ಇನ್ನೊಂದು ಹಾಳೆ. ಸಂಜೆಯೊಳಗೆ ವಾಲ್ವ್ ವಾಪಸ್ ಕೂರಿಸಲು ಆಗಲಿಲ್ಲ. ಪೈಪಿನ ತೆರೆದ ಬಾಯಿಗೆ ಒಂದು ಲೋಹದ ಬಿಲ್ಲೆ ಮುಚ್ಚಿ ಕೆಲಸ ನಿಲ್ಲಿಸಿದರು. ಪಂಪು ಕೆಳಗಿನ ಅಂತಸ್ತಿನಲ್ಲಿ, ವಾಲ್ವಿನ ಜಾಗ ಮೇಲಿನ ಅಂತಸ್ತಿನಲ್ಲಿ. ಪಂಪಿನ ಹತ್ತಿರ ನಿಂತವರಿಗೆ ಮೇಲೆ ವಾಲ್ವ್ ಇಲ್ಲ ಅನ್ನೋದು ಕಾಣುವ ಹಾಗೇ ಇರಲಿಲ್ಲ. ಪಾಳಿ ಬದಲಾಯಿತು. ವಾಲ್ವ್ ಬಿಚ್ಚಿದೆ ಅನ್ನೋ ಮಾತು ರಾತ್ರಿ ಪಾಳಿಯವರ ಕಿವಿಗೆ ಬೀಳಲಿಲ್ಲ.

ರಾತ್ರಿ 9.45ರ ಸುಮಾರಿಗೆ ಬಿ ಪಂಪು ನಿಂತಿತು. ಏನು ಮಾಡಿದರೂ ಶುರುವಾಗಲಿಲ್ಲ. ಪಂಪಿಲ್ಲದಿದ್ದರೆ ಗ್ಯಾಸ್ ಘಟಕ ನಿಲ್ಲುತ್ತದೆ, ಅದು ನಿಂತರೆ ಜನರೇಟರಿಗೆ ಹೋಗುವ ಗ್ಯಾಸೂ ನಿಲ್ಲುತ್ತದೆ. ಪಾಳಿಯವರು ಎ ಪಂಪಿನ ಕಾಗದ ನೋಡಿದರು. ರಿಪೇರಿಯ ಹಾಳೆ ಸಿಕ್ಕಿತು, ಕೆಲಸ ಶುರುವಾಗಿಲ್ಲ ಅಂತಲೂ ಗೊತ್ತಾಯಿತು. ಹಾಗಿದ್ದರೆ ಚಾಲೂ ಮಾಡಬಹುದಲ್ಲ? ವಾಲ್ವಿನ ಹಾಳೆ ಅವರ ಕೈಗೆ ಬರಲಿಲ್ಲ. ಅವರು ಬೇಜವಾಬ್ದಾರಿ ಜನ ಅಲ್ಲ, ನೋಡಿ. ಕೈಯಲ್ಲಿದ್ದ ಮಾಹಿತಿಯ ಮಟ್ಟಿಗೆ ಅವರ ತೀರ್ಮಾನ ಸರಿಯಾಗೇ ಇತ್ತು. ಹತ್ತು ಗಂಟೆಗೆ ಆ ಬಿಲ್ಲೆಯ ಸಂದಿನಿಂದ ಗ್ಯಾಸು ಸೋರಿತು, ಕಿಡಿ ಸಿಕ್ಕಿತು, ಗೋಡೆ ಹಾರಿತು, ಕಂಟ್ರೋಲ್ ರೂಮು ಹೋಯಿತು.

ಅಲ್ಲಿಗೇ ನಿಂತಿದ್ದರೂ ಬಹಳ ಜನ ಉಳಿಯುತ್ತಿದ್ದರೇನೋ. ಆದ್ರೆ ನೀರಿನೊಳಗೆ ಡೈವರುಗಳು ಕೆಲಸ ಮಾಡುವಾಗ ಅಗ್ನಿಶಾಮಕ ಪಂಪುಗಳನ್ನು ಆಟೊಮ್ಯಾಟಿಕ್‌ನಿಂದ ತೆಗೆದಿಡುವ ಪದ್ಧತಿ ಅಲ್ಲಿತ್ತು, ಅವತ್ತೂ ತೆಗೆದಿಟ್ಟಿದ್ದರು. ಹೊಗೆ, ಬೆಂಕಿಯ ನಡುವೆ ಅವುಗಳ ಹತ್ತಿರ ಯಾರಿಗೂ ಹೋಗಲಾಗಲಿಲ್ಲ. ಪಕ್ಕದ ಟಾರ್ಟನ್, ಕ್ಲೇಮೋರ್ ಪ್ಲಾಟ್‌ಫಾರ್ಮ್‌ಗಳಿಗೆ ಪೈಪರ್ ಉರಿಯುತ್ತಿರೋದು ಗೊತ್ತಿದ್ದೂ ಉತ್ಪಾದನೆ ತಕ್ಷಣ ನಿಲ್ಲಲಿಲ್ಲ. ಸುಮಾರು ಇಪ್ಪತ್ತು ನಿಮಿಷದಲ್ಲಿ ಟಾರ್ಟನ್ ಕಡೆಯ ರೈಸರ್, ಅಂದರೆ ಸಮುದ್ರದ ತಳದಿಂದ ಮೇಲೆದ್ದು ಬರುವ ದೊಡ್ಡ ಗ್ಯಾಸ್ ಪೈಪು, ಸಿಡಿಯಿತು. ಹೆಲಿಕಾಪ್ಟರ್ ಬರುತ್ತದೆ ಅಂತ ವಸತಿ ಭಾಗದಲ್ಲಿ ಕಾದು ಕುಳಿತವರಲ್ಲಿ ಹೆಚ್ಚಿನವರು ಹೊಗೆಗೆ ಬಲಿಯಾದರು. ಸಮುದ್ರಕ್ಕೆ ಇಳಿದವರು, ಹಾರಿದವರು ಉಳಿದರು. ಒಟ್ಟು 167 ಜನ ಸತ್ತರು, ಅವರಲ್ಲಿ ಇಬ್ಬರು ಕಾಪಾಡಲು ಬಂದವರು. ಪ್ಲಾಟ್‌ಫಾರ್ಮಿನಿಂದ ಬದುಕಿ ಬಂದವರು 61.

ನಮ್ಮ ಹಳ್ಳಿಯಲ್ಲಿ ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೆಳಗೆ ಯಾರನ್ನೋ ನಿಲ್ಲಿಸಿ "ನೋಡ್ಕೋ" ಅಂತ ಹೇಳಿ ಹತ್ತುತ್ತಿರಲಿಲ್ಲ. ಅಡಿಕೆ ತೋಟಕ್ಕೆ ನೀರಿಲ್ಲ ಅಂತ ಯಾರು ಎಷ್ಟೇ ಬೊಬ್ಬೆ ಹೊಡೆದರೂ ಅವನು ಇಳಿದು ಬರುವ ತನಕ ಲೈನಿಗೆ ಕರೆಂಟಿಲ್ಲ. ಪರ್ಮಿಟ್ ಪದ್ಧತಿಯ ಜೀವ ಇರೋದು ಆ ಜೇಬಿನಲ್ಲಿ. ಪೈಪರಿನಲ್ಲಿ ಹಾಳೆ ಇತ್ತು, ಸಹಿ ಇತ್ತು. ಆದ್ರೆ ವಾಲ್ವ್ ಇಲ್ಲದ ಪಂಪನ್ನು ಚಾಲೂ ಮಾಡಲು ಆಗದ ಹಾಗೆ ಯಾವುದೂ ತಡೆಯುತ್ತಿರಲಿಲ್ಲ.

ಲಾರ್ಡ್ ಕಲೆನ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 1990ರ ನವೆಂಬರಿನಲ್ಲಿ ಬಂತು. 106 ಶಿಫಾರಸು, ಎಲ್ಲವನ್ನೂ ಒಪ್ಪಿಕೊಂಡರು. 1992ರಲ್ಲಿ ಸೇಫ್ಟಿ ಕೇಸ್ ನಿಯಮ ಬಂತು. ಅಲ್ಲಿಯವರೆಗೆ ಸರ್ಕಾರದ ಪಟ್ಟಿಯಲ್ಲಿರುವುದಕ್ಕೆ ಟಿಕ್ ಹಾಕಿದರೆ ಮುಗಿಯುತ್ತಿತ್ತು. ಆಮೇಲೆ ನಡೆಸುವವರೇ ಮುಂದೆ ಬಂದು ನಮ್ಮಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೇವೆ ಅಂತ ವಾದ ಮಂಡಿಸಿ ಒಪ್ಪಿಸಬೇಕಾಯಿತು. ಎಣ್ಣೆ ಉತ್ಪಾದನೆಗೆ ಉತ್ತೇಜನ ಕೊಡುವ ಇಲಾಖೆಯ ಕೈಯಿಂದ ಸುರಕ್ಷತೆಯ ಉಸ್ತುವಾರಿ ಬೇರೆ ಸಂಸ್ಥೆಗೆ ಹೋಯಿತು. ಫೆಸಿಲಿಟೀಸ್ ಎಂಜಿನಿಯರನ ವೃತ್ತಿ ಬದಲಾದದ್ದು ಇಲ್ಲಿ. ದಿನಕ್ಕೆ ಎಷ್ಟು ಬ್ಯಾರೆಲ್ ಅನ್ನುವ ಲೆಕ್ಕದ ಜೊತೆಗೆ, ಎಷ್ಟು ಕೆಟ್ಟದಾಗಿ ತಪ್ಪಬಹುದು ಅನ್ನುವ ಲೆಕ್ಕವೂ ಅವನ ಹೆಗಲಿಗೇರಿತು.

ಅಂಥ ಲೆಕ್ಕಕ್ಕೆ ಬೇಕಾದ ಸಲಕರಣೆ ಮೊದಲೇ ಇತ್ತು. ಇಂಗ್ಲೆಂಡಿನ ಐಸಿಐ ರಾಸಾಯನಿಕ ಕಂಪನಿಯಲ್ಲಿ 1960ರ ದಶಕದಲ್ಲಿ ಹ್ಯಾಜಾಪ್ ಎಂಬ ವಿಧಾನ ರೂಪುಗೊಂಡಿತ್ತು. ನಕ್ಷೆ ಹರಡಿಕೊಂಡು ಕೂತು ಒಂದೊಂದು ಪೈಪಿಗೂ ಕೇಳುವುದು: ಹರಿವು ಜಾಸ್ತಿಯಾದರೆ? ನಿಂತೇ ಹೋದರೆ? ಹಿಮ್ಮುಖ ಹರಿದರೆ? ಇದನ್ನು ಹರಡಲು ದುಡಿದವರಲ್ಲಿ ಟ್ರೆವರ್ ಕ್ಲೆಟ್ಜ್ ಮುಖ್ಯರು. 1944ರಲ್ಲಿ ಐಸಿಐ ಸೇರಿದ ಅವರು 1968ರಲ್ಲಿ ಸುರಕ್ಷತಾ ಸಲಹೆಗಾರರಾದರು, 1982ರಲ್ಲಿ ನಿವೃತ್ತರಾದ ಮೇಲೂ 2013ರಲ್ಲಿ ತೀರಿಕೊಳ್ಳುವ ತನಕ ಬರೆದರು, ಕಲಿಸಿದರು. ಅವರು ಮತ್ತೆ ಮತ್ತೆ ಹೇಳಿದ್ದು ಇಷ್ಟು: ಸಂಸ್ಥೆಗಳಿಗೆ ನೆನಪಿರೋದಿಲ್ಲ, ನೆನಪಿರೋದು ಮನುಷ್ಯರಿಗೆ ಮಾತ್ರ. ಆ ಮನುಷ್ಯರು ಕೆಲಸ ಬಿಟ್ಟು ಹೋಗುತ್ತಾರೆ, ಅಪಘಾತ ಮಾತ್ರ ಮರಳಿ ಬರುತ್ತದೆ.

ನಮ್ಮಲ್ಲೂ ಬಂತು. 1974ರಲ್ಲಿ ಪತ್ತೆಯಾದ ಬಾಂಬೆ ಹೈ ಉತ್ಪಾದನೆ ಶುರುಮಾಡಿದ್ದೂ ಪೈಪರಿನ ಹಾಗೆ 1976ರಲ್ಲೇ. 2005ರ ಜುಲೈ 27ರಂದು, ಗಾಯಗೊಂಡವನನ್ನು ಚಿಕಿತ್ಸೆಗೆ ಸಾಗಿಸಲು ಬಂದ ಸಮುದ್ರ ಸುರಕ್ಷಾ ಎಂಬ ನೌಕೆ ಅಲ್ಲಿನ ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿನ ರೈಸರಿಗೆ ಬಡಿಯಿತು. ಮತ್ತೆ ಅದೇ ರೈಸರ್. 22 ಜನ ಸತ್ತರು. ಸಮುದ್ರದ ಮೇಲಿನ ಎಣ್ಣೆ ಕೆಲಸಕ್ಕೆಂದೇ ಪ್ರತ್ಯೇಕ ಸುರಕ್ಷತಾ ನಿಯಮಗಳು ಭಾರತದಲ್ಲಿ ಬಂದದ್ದು 2008ರಲ್ಲಿ.

ಈ ವೃತ್ತಿಯಲ್ಲಿ ಮೂವತ್ತು ವರ್ಷ ಚೆನ್ನಾಗಿ ದುಡಿದವನಿಗೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಸಿಡಿಯದ ಪೈಪಿನ ಫೋಟೊ ಯಾರು ತೆಗೆಯುತ್ತಾರೆ? ನನ್ನ ಗೆಳೆಯನ ಅರ್ಧ ದಿನ ತಿನ್ನುವ ಹಾಳೆಗಳನ್ನು ಈಗ ಎಲೆಕ್ಟ್ರಾನಿಕ್ ಮಾಡಿದ್ದಾರಂತೆ. ಒಂದು ಪಂಪಿನ ಮೇಲೆ ಎರಡು ಪರ್ಮಿಟ್ ಇದ್ದರೆ ಒಂದು ತೆಗೆದಾಗ ಇನ್ನೊಂದೂ ತಾನಾಗಿ ಪರದೆಯ ಮೇಲೆ ಬರುತ್ತದೆ. ಅಂಥ ಸಾಫ್ಟ್‌ವೇರ್ ಬರೆಯೋರು ನಮ್ಮಂಥವರೇ. ಟಿಕೆಟ್‌ನಲ್ಲಿ ಅದು ಒಂದು ಸಾಲಿನ ಸಣ್ಣ ಕೆಲಸವಾಗಿ ಬಂದು ಕೂತಿರುತ್ತದೆ.